ಬಿಸಿಯಾದಾಗ ಮಾತ್ರ ನಿಲ್ಲುವ ಹಳೇ ಪೆಟ್ರೋಲ್ ಕಾರು: ಕ್ರ್ಯಾಂಕ್ ಸೆನ್ಸರ್ ಮನೆಯಲ್ಲೇ ಬದಲಿಸಬಹುದಾ?

ತುಂಗಾತೀರ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ನಮ್ಮದು 2005ರ ಮಾಡೆಲ್ ಸಣ್ಣ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಎಂಪಿಎಫ್‌ಐ (ಇಂಜೆಕ್ಟರ್ ಮೂಲಕ ಪೆಟ್ರೋಲ್ ಹೋಗುವಂಥದ್ದು). ಅಪ್ಪ ಹೊಸದಾಗಿ ತೆಗೆದುಕೊಂಡದ್ದು, ಈಗ ಓಡಿಸುವವನು ನಾನು. ಎಂಜಿನ್ ಇನ್ನೂ ಗಟ್ಟಿಯಾಗಿದೆ, ಆಯಿಲ್ ಕುಡಿಯುವುದಿಲ್ಲ, ಹೊಗೆ ಇಲ್ಲ. ಮಾರುವ ಯೋಚನೆಯೂ ಇಲ್ಲ.

ತೊಂದರೆ ಏನೆಂದರೆ, ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಮಂಡಗದ್ದೆ ದಾಟಿ ಶಿವಮೊಗ್ಗದ ತನಕ ಆರಾಮಾಗಿ ಹೋಗುತ್ತದೆ. ಅಲ್ಲಿ ಎಲ್ಲಾದರೂ ನಿಲ್ಲಿಸಿ ಟೀ ಕುಡಿದು ಬಂದು ಸೆಲ್ಫ್ ಹೊಡೆದರೆ ಎಂಜಿನ್ ಬರೀ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಅರ್ಧ ಗಂಟೆ ಬಾನೆಟ್ ತೆಗೆದಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಇಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ಅಪ್ಪನನ್ನು ಚೆಕಪ್‌ಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ವಾಪಸ್ ಬರುವಾಗ, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಾ ಇರುವಾಗಲೇ ತಿರುವಿನಲ್ಲಿ ಆಫ್ ಆಯಿತು. ಹಿಂದೆ ಮಿನಿ ಬಸ್ಸು, ಮೇಲಿಂದ ಮಳೆ. ಅವತ್ತಿನಿಂದ ಮನೆಯಲ್ಲಿ ಆ ಕಾರಿನಲ್ಲಿ ಕೂರಲು ಎಲ್ಲರಿಗೂ ಭಯ.

ಗ್ಯಾರೇಜಿನವರು ಮೊದಲು ಪೆಟ್ರೋಲ್ ಪಂಪ್ ಹೋಗಿದೆ ಎಂದರು. ಹೊಸ ಪಂಪ್ ಹಾಕಿಸಿದೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಈಗ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಬದಲಿಸಬೇಕು ಅಂತಿದ್ದಾರೆ. ಅವರು ಹೇಳುವ ದುಡ್ಡಿಗೆ ಹೆಚ್ಚುಕಮ್ಮಿ ಇಂಥದ್ದೇ ಇನ್ನೊಂದು ಹಳೇ ಕಾರು ಬರುತ್ತದೆ. ಪರಿಚಯದ ಒಬ್ಬರು ಇದು ಕ್ರ್ಯಾಂಕ್ ಸೆನ್ಸರ್ ಇರಬಹುದು ಎಂದರು. ಆರ್‌ಪಿಎಂ ಮೀಟರ್ ನಮ್ಮ ಗಾಡಿಯಲ್ಲಿ ಇಲ್ಲ. ಗೆಳೆಯನ ಬ್ಲೂಟೂತ್ ಸ್ಕ್ಯಾನರ್ ಹಾಕಿ ನೋಡಿದೆ, ಕನೆಕ್ಟ್ ಆಗಲೇ ಇಲ್ಲ. ಚೆಕ್ ಎಂಜಿನ್ ಲೈಟ್ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಹೋಗುತ್ತದೆ.

ಮನೆಯಲ್ಲಿ ಸ್ಪ್ಯಾನರ್ ಸೆಟ್, ಸಾಧಾರಣ ಮಲ್ಟಿಮೀಟರ್, ಜಾಕ್ ಇವೆ. ಆಯಿಲ್, ಪ್ಲಗ್, ಏರ್ ಫಿಲ್ಟರ್ ನಾನೇ ಬದಲಿಸಿಕೊಳ್ಳುತ್ತೇನೆ. ಸೆನ್ಸರೇ ಹೋಗಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಮನೆಯಲ್ಲೇ ಹಾಕಬಹುದಾ? ದಯವಿಟ್ಟು ತಿಳಿದವರು ಹೇಳಿ.

ಸಾಗರದ ಸ್ಪ್ಯಾನರ್:

ನೀವು ಬರೆದದ್ದು ಓದಿದರೆ ಕ್ರ್ಯಾಂಕ್ ಸೆನ್ಸರ್ ಮೇಲೇ ನನ್ನ ಅನುಮಾನವೂ. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ. ಇದು ಸರಿಯಾಗುವ ತನಕ ಆ ಗಾಡಿಯನ್ನು ಘಾಟಿಗೆ ಒಯ್ಯಬೇಡಿ. ಎಂಜಿನ್ ಆಫ್ ಆದರೆ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಬರುವುದು ನಿಲ್ಲುತ್ತದೆ. ಉಳಿದ ವ್ಯಾಕ್ಯೂಮ್‌ನಲ್ಲಿ ಎರಡು ಮೂರು ಸಲ ಬ್ರೇಕ್ ಒತ್ತಬಹುದು. ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಪೂರ್ತಿ ಬಲ ಹಾಕಿ ಒತ್ತಬೇಕು. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರ. ಹತ್ತುವಾಗ ನಿಂತರೆ ಹ್ಯಾಂಡ್ ಬ್ರೇಕ್ ಎಳೆಯಬಹುದು, ಇಳಿಯುವಾಗ ನಿಂತರೆ ಕಷ್ಟ. ಹಾಗೇನಾದರೂ ಆದರೆ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಡಿ. ಒಮ್ಮೆ ಒತ್ತಿ ಹಾಗೇ ಹಿಡಿದು, ಗೇರಿನಲ್ಲೇ ಇಟ್ಟು ನಿಲ್ಲಿಸಿ.

ಈಗ ವಿಷಯಕ್ಕೆ ಬರೋಣ. ಈ ಸೆನ್ಸರ್ ಮಾಡುವುದು ಒಂದೇ ಕೆಲಸ. ಕ್ರ್ಯಾಂಕ್ ಶಾಫ್ಟ್ ಜೊತೆ ತಿರುಗುವ ಹಲ್ಲಿನ ಚಕ್ರ ಒಂದಿರುತ್ತದೆ, ಅದರಲ್ಲಿ ಒಂದು ಅಥವಾ ಎರಡು ಹಲ್ಲು ಬೇಕಂತಲೇ ಬಿಟ್ಟಿರುತ್ತಾರೆ. 36 ಹಲ್ಲಿನ ಜಾಗದಲ್ಲಿ 35, ಅಥವಾ 60ರ ಜಾಗದಲ್ಲಿ 58, ಹೀಗೆ ಕಂಪನಿಗೊಂದು ಲೆಕ್ಕ. ಆ ಚಕ್ರದಿಂದ ಸುಮಾರು ಒಂದು ಮಿಲಿಮೀಟರ್ ದೂರದಲ್ಲಿ ಸೆನ್ಸರಿನ ತುದಿ ಕೂತಿರುತ್ತದೆ. ಹಲ್ಲು ಎದುರಿಗೆ ಹಾದಾಗೆಲ್ಲ ಒಂದು ಸಣ್ಣ ಕರೆಂಟು ಹುಟ್ಟುತ್ತದೆ. ಹಲ್ಲಿಲ್ಲದ ಜಾಗ ಬಂದಾಗ ಪಿಸ್ಟನ್ ಎಲ್ಲಿದೆ ಎನ್ನುವುದು ಇಸಿಎಂಗೆ ಗೊತ್ತಾಗುತ್ತದೆ. ಈ ಸಿಗ್ನಲ್ ತಪ್ಪಿದರೆ ಎಂಜಿನ್ ತಿರುಗುತ್ತಲೇ ಇಲ್ಲ ಎಂದು ಇಸಿಎಂ ತಿಳಿದುಕೊಂಡು, ಪ್ಲಗ್‌ಗೆ ಕರೆಂಟು, ಇಂಜೆಕ್ಟರ್‌ಗೆ ಪೆಟ್ರೋಲ್ ಎರಡನ್ನೂ ನಿಲ್ಲಿಸುತ್ತದೆ.

ಪಂಪ್ ವಿಷಯದಲ್ಲಿ ಗೊಂದಲ ಆಗುವುದೂ ಇಲ್ಲೇ. ಕೀ ಆನ್ ಮಾಡಿದ ತಕ್ಷಣ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ. ಆಮೇಲೆ ಅದು ಮತ್ತೆ ಓಡಬೇಕಾದರೆ ಎಂಜಿನ್ ತಿರುಗುತ್ತಿರುವ ಸಿಗ್ನಲ್ ಇಸಿಎಂಗೆ ಸಿಗಬೇಕು. ಅಪಘಾತ ಆಗಿ ಎಂಜಿನ್ ನಿಂತಾಗ ಪೆಟ್ರೋಲ್ ಸುರಿಯುತ್ತಲೇ ಇರಬಾರದು ಎಂದು ಇಟ್ಟಿರುವ ವ್ಯವಸ್ಥೆ ಇದು. ಹಾಗಾಗಿ ಕ್ರ್ಯಾಂಕ್ ಸಿಗ್ನಲ್ ಇಲ್ಲದಿದ್ದರೆ ಎಷ್ಟು ಸೆಲ್ಫ್ ಹೊಡೆದರೂ ಪಂಪ್ ಓಡುವುದಿಲ್ಲ. ಆಗ ಪೈಪಿನಲ್ಲಿ ಪ್ರೆಷರ್ ನೋಡಿದವರಿಗೆ ಪಂಪೇ ಸತ್ತಂತೆ ಕಾಣುತ್ತದೆ, ಚೆನ್ನಾಗಿರುವ ಪಂಪನ್ನೂ ಬದಲಿಸುತ್ತಾರೆ.

ಮುಂದಿನ ಸಲ ನಿಂತಾಗ ಗಾಬರಿಯಾಗದೆ ಇದನ್ನು ನೋಡಿ. ಕೀ ಆನ್ ಮಾಡಿ, ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಝುಯ್ ಅಂತ ಸದ್ದು ಬಂದು ನಿಂತರೆ ಪಂಪ್ ಮೋಟರ್ ಬದುಕಿದೆ. ಆಮೇಲೆ ಪ್ಲಗ್‌ಗೆ ಕರೆಂಟು ಬರುತ್ತದಾ ಅಂತ ನೋಡಬೇಕು, ಒಂದು ಹಳೇ ಪ್ಲಗ್ ಮತ್ತು ಜೊತೆಗೆ ಒಬ್ಬರು ಇದ್ದರೆ ಸಾಕು. ಹಳೇ ಪ್ಲಗ್ಗನ್ನು ವೈರಿಗೆ ಹಾಕಿ, ಅದರ ಲೋಹದ ಭಾಗವನ್ನು ಎಂಜಿನ್‌ಗೆ ಬಿಗಿಯಾಗಿ ತಾಗುವ ಹಾಗೆ ಕೂರಿಸಿ ಸೆಲ್ಫ್ ಹೊಡೆಸಿ. ಕೈಯಲ್ಲಿ ಹಿಡಿಯಬೇಡಿ, ಪೆಟ್ರೋಲ್ ವಾಸನೆ ಇದ್ದರೆ ಮಾಡಲೇಬೇಡಿ. ಕಿಡಿ ಇಲ್ಲ, ಪೆಟ್ರೋಲ್ ಕೂಡ ಇಲ್ಲ ಅಂದರೆ ಕ್ರ್ಯಾಂಕ್ ಸೆನ್ಸರ್ ಕಡೆ ಬೆರಳು ತೋರಿಸುತ್ತದೆ. ಕಿಡಿ ಇಲ್ಲ, ಆದರೆ ಸೈಲೆನ್ಸರ್ ಹತ್ತಿರ ಹಸಿ ಪೆಟ್ರೋಲ್ ವಾಸನೆ ಇದೆ ಅಂದರೆ ಇಗ್ನಿಷನ್ ಕಾಯಿಲ್ ನೋಡಬೇಕು. ಅದೂ ಬಿಸಿಗೆ ಕೈಕೊಡುವ ಸಾಮಾನೇ.

ಬಿಸಿಯಾದಾಗ ಮಾತ್ರ ಯಾಕೆ ಅನ್ನುವಿರಾ? ಸೆನ್ಸರಿನ ಒಳಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ ಇರುತ್ತದೆ. ಇಪ್ಪತ್ತು ವರ್ಷ ಕಾಯ್ದು ಆರಿ, ಕಾಯ್ದು ಆರಿ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ತಣ್ಣಗಿದ್ದಾಗ ಎರಡು ತುದಿ ಕೂಡಿಕೊಂಡಿರುತ್ತವೆ, ಕಾದಾಗ ಬಿಟ್ಟುಕೊಳ್ಳುತ್ತವೆ. ಟೀ ಕುಡಿದು ಬರುವಷ್ಟರಲ್ಲಿ ಕೈಕೊಡುವುದಕ್ಕೂ ಕಾರಣ ಇದೆ. ಎಂಜಿನ್ ಆಫ್ ಮಾಡಿದ ಮೇಲೆ ನೀರೂ ಓಡುವುದಿಲ್ಲ, ಗಾಳಿಯೂ ಓಡುವುದಿಲ್ಲ. ಬ್ಲಾಕಿನ ಶಾಖ ಎಲ್ಲ ಸುತ್ತಲಿನ ಸಾಮಾನಿಗೆ ಹರಡುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಸೆನ್ಸರ್ ಓಡುವಾಗ ಇದ್ದದ್ದಕ್ಕಿಂತ ಜಾಸ್ತಿ ಕಾಯುತ್ತದೆ.

ಸ್ಕ್ಯಾನರ್ ಕನೆಕ್ಟ್ ಆಗದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ಒಬಿಡಿ (ಎಂಜಿನ್ ತೊಂದರೆಯನ್ನು ಸ್ಕ್ಯಾನರಿಗೆ ಕೋಡ್ ಆಗಿ ಹೇಳುವ ವ್ಯವಸ್ಥೆ) ಕಡ್ಡಾಯ ಆಗಿದ್ದೇ ಬಿಎಸ್ 4 ಹೊಗೆ ನಿಯಮದ ಜೊತೆ, 2010ರ ಏಪ್ರಿಲ್‌ನಿಂದ. ಎರಡನೇ ಹಂತ 2013ರ ಏಪ್ರಿಲ್‌ನಲ್ಲಿ ಬಂತು. ಅದಕ್ಕೂ ಹಿಂದಿನ ಗಾಡಿಗಳಲ್ಲಿ ಕಂಪನಿ ತನ್ನದೇ ಭಾಷೆ ಇಟ್ಟಿರುತ್ತದೆ, ಬ್ಲೂಟೂತ್ ಸ್ಕ್ಯಾನರಿಗೆ ಅದು ಬರುವುದಿಲ್ಲ. ಕನೆಕ್ಟ್ ಆಗಿದ್ದರೆ ಕ್ರ್ಯಾಂಕ್ ಸೆನ್ಸರ್ ದೋಷದ ಪಿ 0335 ಎನ್ನುವ ಕೋಡ್ ಬರುತ್ತಿತ್ತೇನೋ.

ಹಸಿರು ವೈರ್ (ಶಿವಮೊಗ್ಗ):

ಸಾಗರದವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಆದರೆ ಸೆನ್ಸರ್ ತರುವ ಮೊದಲು ವೈರ್ ನೋಡಿ ಮಾರಾಯ್ರೇ. ನಾನು ಆಟೋ ಎಲೆಕ್ಟ್ರಿಷಿಯನ್, ನಮ್ಮ ಕಡೆಯ ಗಾಡಿಗಳನ್ನೇ ನೋಡಿಕೊಂಡು ಬಂದವನು. ಬಯಲುಸೀಮೆಯಿಂದ ಬಂದ ಗಾಡಿಗೂ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಗಾಡಿಗೂ ವ್ಯತ್ಯಾಸ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮ್ಮಲ್ಲಿ ಯಾವುದೂ ಒಣಗುವುದಿಲ್ಲ. ಕಪ್ಲರ್ (ವೈರ್ ಸಿಕ್ಕಿಸುವ ಪ್ಲಾಸ್ಟಿಕ್ ಜೋಡಣೆ) ಒಳಗೆ ನೀರು ಹೋಗಬೇಕೆಂದೇ ಇಲ್ಲ, ತೇವದ ಗಾಳಿಗೇ ತಾಮ್ರದ ಪಿನ್ ಹಸಿರು ಹಿಡಿಯುತ್ತದೆ. ಕ್ರ್ಯಾಂಕ್ ಸೆನ್ಸರ್ ಕೊಡುವ ಸಿಗ್ನಲ್ ಬಹಳ ಸಣ್ಣದು. ಹೆಡ್‌ಲೈಟಿನ ವೈರಿನಲ್ಲಿ ಸ್ವಲ್ಪ ತುಕ್ಕು ಇದ್ದರೆ ಬೆಳಕು ಮಂಕಾಗುತ್ತದೆ ಅಷ್ಟೇ. ಇಲ್ಲಿ ಅಷ್ಟೇ ತುಕ್ಕು ಗಾಡಿಯನ್ನೇ ನಿಲ್ಲಿಸುತ್ತದೆ.

ಇನ್ನೊಂದು ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬಾನೆಟ್ ಒಳಗೆ ಬರುತ್ತವೆ. ಗಾಡಿಯನ್ನು ಕೊಟ್ಟಿಗೆ ಪಕ್ಕದಲ್ಲಿ, ಅಡಿಕೆ ಮನೆಯಲ್ಲಿ, ಭತ್ತದ ಮೂಟೆ ಇಟ್ಟಲ್ಲಿ ನಿಲ್ಲಿಸುವವರಂತೂ ಪ್ರತಿ ವಾರ ಬಾನೆಟ್ ತೆಗೆದು ನೋಡಬೇಕು. ವೈರಿನ ಮೇಲಿನ ಪ್ಲಾಸ್ಟಿಕ್ ಅರ್ಧ ತಿಂದು ಬಿಟ್ಟಿರುತ್ತವೆ, ಒಳಗಿನ ತಂತಿ ಬ್ಲಾಕಿಗೆ ತಾಗಿದಾಗೊಮ್ಮೆ ಸಿಗ್ನಲ್ ಹೋಗುತ್ತದೆ, ದೂರ ಸರಿದಾಗ ಬರುತ್ತದೆ.

ಸೆನ್ಸರಿನ ಕಪ್ಲರ್ ಬಿಚ್ಚಿ ಪಿನ್ನುಗಳನ್ನು ಬೆಳಕಿನಲ್ಲಿ ನೋಡಿ. ಬಿಚ್ಚುವಾಗ ವೈರ್ ಹಿಡಿದು ಎಳೆಯಬೇಡಿ, ಲಾಕ್ ಒತ್ತಿ ಕಪ್ಲರನ್ನೇ ಹಿಡಿದು ತೆಗೆಯಿರಿ. ಹಳೇ ಪ್ಲಾಸ್ಟಿಕ್ ಗರಿಗರಿ ಆಗಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಲು ಬಿಡಿ. ಚಾಕು, ಉಪ್ಪುಕಾಗದ ಹಾಕಿ ಕೆರೆಯಬೇಡಿ. ಪಿನ್ನಿನ ಮೇಲಿನ ಲೇಪ ಹೋದರೆ ಮುಂದಿನ ಮಳೆಗೇ ಮತ್ತೆ ಹಸಿರು.

ಬ್ಯಾಟರಿ ನೆಗೆಟಿವ್‌ನಿಂದ ಗಾಡಿಯ ಮೈಗೆ, ಎಂಜಿನ್‌ನಿಂದ ಗಾಡಿಯ ಮೈಗೆ ಹೋಗುವ ಅರ್ಥ್ ವೈರುಗಳನ್ನೂ ಬಿಚ್ಚಿ ಉಜ್ಜಿ ಹಾಕಿ. ಇಸಿಎಂಗೆ ಕರೆಂಟು ಕೊಡುವ ಮೇನ್ ರಿಲೇ ಕೂಡ ಬಿಸಿಗೆ ಬಿಟ್ಟುಕೊಳ್ಳುತ್ತದೆ, ಆದರೆ ಆಗ ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟೂ ಬರುವುದಿಲ್ಲ, ಪಂಪಿನ ಸದ್ದೂ ಬರುವುದಿಲ್ಲ. ಅದನ್ನು ಗಮನಿಸಿ.

ಇಸಿಎಂ ಬಗ್ಗೆ ಹೇಳುವುದಾದರೆ, ನೀವು ಹೇಳಿದ ಲಕ್ಷಣಕ್ಕೆ ನಾನು ಇಸಿಎಂಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಅದು ನಿಮ್ಮ ದುಡ್ಡು, ಗಟ್ಟಿಯಾಗಿ ಬೇಡ ಅನ್ನಿ.

ಸಾಗರದ ಸ್ಪ್ಯಾನರ್:

ಹಸಿರು ವೈರ್ ಹೇಳಿದ್ದು ನೂರಕ್ಕೆ ನೂರು ಸರಿ. ಮೀಟರ್ ಹಿಡಿಯುವ ಮೊದಲು ಇನ್ನೊಂದು ವಿಷಯ. ಸೆನ್ಸರ್ ಎರಡು ಜಾತಿ. ಬರೀ ಸುರುಳಿ ಮತ್ತು ಅಯಸ್ಕಾಂತ ಇರುವುದು ಒಂದು, ಅದಕ್ಕೆ ಎರಡು ವೈರ್. ಹಾಲ್ ಜಾತಿಯದು ಇನ್ನೊಂದು, ಅದಕ್ಕೆ ಮೂರು ವೈರ್, ಒಳಗೆ ಸಣ್ಣ ಸರ್ಕ್ಯೂಟ್ ಇರುತ್ತದೆ. ಹಾಲ್ ಸೆನ್ಸರಿಗೆ ಓಮ್ (ಕರೆಂಟಿಗೆ ಇರುವ ತಡೆ) ಅಳೆಯಲು ಮೀಟರ್ ಹಿಡಿದರೆ ಉತ್ತರ ಸಿಗುವುದಿಲ್ಲ, ಸೆನ್ಸರ್ ಹಾಳಾಗುವ ಸಂಭವವೂ ಇದೆ. ಮೂರು ವೈರ್ ಕಂಡ ಕೂಡಲೇ ಹಾಲ್ ಎಂದುಕೊಳ್ಳಲೂಬಾರದು, ಕೆಲವದರಲ್ಲಿ ಮೂರನೆಯದು ಹೊರಗಿನ ಅಡಚಣೆ ತಡೆಯುವ ಬರೀ ಶೀಲ್ಡ್ ವೈರ್. ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಗಾಡಿ ಕಡೆಯ ಪಿನ್ನುಗಳಲ್ಲಿ ನೋಡಿ. ಒಂದರಲ್ಲಿ 5 ಅಥವಾ 12 ವೋಲ್ಟ್ ಗಟ್ಟಿಯಾಗಿ ಬರುತ್ತಿದ್ದರೆ ಅದು ಹಾಲ್.

ಎರಡು ವೈರಿನದಾದರೆ ಕೆಲಸ ಸುಲಭ. ಗಾಡಿ ತಣ್ಣಗಿದ್ದಾಗ ಸೆನ್ಸರಿನ ಎರಡು ಪಿನ್ ಮಧ್ಯೆ ಓಮ್ ನೋಡಿ. ಗಾಡಿಯಿಂದ ಗಾಡಿಗೆ ಬೇರೆ ಬೇರೆ ಇರುತ್ತದೆ, ಸಾಮಾನ್ಯವಾಗಿ ಕೆಲವು ನೂರರಿಂದ ಒಂದೂವರೆ ಸಾವಿರ ಓಮ್ ಒಳಗೆ. ಆ ಅಂಕಿ ಬರೆದಿಟ್ಟುಕೊಳ್ಳಿ. ಆಮೇಲೆ ಗಾಡಿ ಬಿಸಿಯಾಗಿ ನಿಂತು ಹತ್ತಿಕೊಳ್ಳದೇ ಇದ್ದಾಗ, ಅಲ್ಲೇ ಕಪ್ಲರ್ ಬಿಚ್ಚಿ ಮತ್ತೆ ನೋಡಬೇಕು. ತಣ್ಣಗಾಗಲು ಬಿಟ್ಟರೆ ಸಾಕ್ಷಿಯೇ ಹೋಯಿತು. ಸುಮ್ನೆ ಇದಕ್ಕಾಗಿ ದೂರ ಹೋಗಬೇಡಿ, ಊರಿನೊಳಗೇ ಓಡಿಸಿ, ಬದಿಗೆ ಜಾಗ ಇರುವ ಕಡೆ ನಿಲ್ಲಿಸಿ ಹದಿನೈದು ನಿಮಿಷ ಬಾನೆಟ್ ಮುಚ್ಚಿಟ್ಟು ನೋಡಿ.

ತುಂಗಾತೀರ (ತೀರ್ಥಹಳ್ಳಿ):

ಇಷ್ಟು ಬಿಡಿಸಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಲ್ಲ ಮಾಡಿ ನೋಡಿದೆ.

ಸೆನ್ಸರ್ ಎರಡು ವೈರಿನದು. ಕಪ್ಲರ್ ಪಿನ್ನಿನಲ್ಲಿ ಸ್ವಲ್ಪ ಹಸಿರು ಇತ್ತು, ಕ್ಲೀನ್ ಮಾಡಿದೆ. ವೈರನ್ನು ಇಲಿ ಮುಟ್ಟಿಲ್ಲ. ಅರ್ಥ್ ವೈರುಗಳನ್ನೂ ಉಜ್ಜಿ ಹಾಕಿದೆ. ಆದರೂ ಬಿಸಿಯಾದ ಮೇಲೆ ಹತ್ತಿಕೊಳ್ಳಲಿಲ್ಲ. ಕೀ ಆನ್ ಮಾಡಿದಾಗ ಪಂಪಿನ ಸದ್ದು ಬರುತ್ತದೆ, ಪ್ಲಗ್ಗಿನಲ್ಲಿ ಕಿಡಿ ಇಲ್ಲ, ಪೆಟ್ರೋಲ್ ವಾಸನೆಯೂ ಇಲ್ಲ. ಅಲ್ಲೇ ಮೀಟರ್ ಹಿಡಿದೆ. ತಣ್ಣಗಿದ್ದಾಗ 870 ಓಮ್ ತೋರಿಸುತ್ತಿದ್ದ ಸೆನ್ಸರ್ ಈಗ ಏನೂ ತೋರಿಸುತ್ತಿಲ್ಲ, ಪೂರ್ತಿ ಓಪನ್, ಅಂದರೆ ಒಳಗೆ ತಂತಿ ಕಡಿದ ಹಾಗೆ. ಕೀ ತೆಗೆದಿಟ್ಟು, ತಣ್ಣೀರಲ್ಲಿ ಹಿಂಡಿದ ಬಟ್ಟೆಯನ್ನು ಸೆನ್ಸರಿನ ಮೇಲೆ ಹಾಕಿದೆ. ಕಣ್ಣೆದುರಿಗೇ ಮೀಟರಿನಲ್ಲಿ ಅಂಕಿ ವಾಪಸ್ ಬಂತು! ಕಪ್ಲರ್ ಹಾಕಿ ಸೆಲ್ಫ್ ಹೊಡೆದೆ, ಒಂದೇ ಏಟಿಗೆ ಸ್ಟಾರ್ಟ್. ಅಪ್ಪ ಪಕ್ಕದಲ್ಲೇ ನಿಂತಿದ್ದರು, ಅವರಿಗೂ ನಂಬಿಕೆ ಬಂತು.

ಈಗ ಬದಲಿಸುವುದೊಂದೇ ಬಾಕಿ. ನಮ್ಮ ಗಾಡಿಯಲ್ಲಿ ಅದು ಕೆಳಗೆ, ಕ್ರ್ಯಾಂಕ್ ಪುಲ್ಲಿ ಪಕ್ಕದಲ್ಲಿದೆ. ಒಂದೇ ಬೋಲ್ಟ್, ಆದರೆ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿದೆ. ಮುರಿದರೆ ಏನು ಮಾಡುವುದು ಅಂತ ಹೆದರಿಕೆ. ಗುಜರಿಯಲ್ಲಿ ಹಳೇ ಸೆನ್ಸರ್ ಸಿಗುತ್ತದಂತೆ, ಅದನ್ನು ಹಾಕಬಹುದಾ?

ಕೊಪ್ಪದ ಮನೆ:

ತಮ್ಮಾ, ಬೋಲ್ಟಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಹಳೇ ಕಾರಿನ ಕೂಲಂಟ್ ಟೆಂಪರೇಚರ್ ಸೆನ್ಸರ್, ಕ್ರ್ಯಾಂಕ್ ಸೆನ್ಸರ್ ಎರಡನ್ನೂ ಮನೆಯಲ್ಲೇ ಬದಲಿಸಿದ್ದೇನೆ.

ಮೊದಲು ಜಾಗ. ಮಣ್ಣಿನ ಅಂಗಳದಲ್ಲಿ ಜಾಕ್ ಹಾಕಲೇಬೇಡಿ. ಮಳೆಗಾಲದ ನೆಲ ಮೇಲೆ ಗಟ್ಟಿ ಕಂಡರೂ ಒಳಗೆ ಮೆತ್ತಗಿರುತ್ತದೆ, ಭಾರ ಬಿದ್ದಾಗ ಜಾಕ್ ವಾಲುತ್ತದೆ. ಅಡಿಕೆ ಒಣಗಿಸುವ ಸಿಮೆಂಟ್ ಕಣ ಇದ್ದರೆ ಅಲ್ಲಿ ಮಾಡಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಹೋಗಬೇಡಿ. ಸ್ಟ್ಯಾಂಡ್ ಇಟ್ಟುಕೊಂಡೇ ಹೋಗಿ, ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ ತನ್ನಿ. ಇಟ್ಟಿಗೆ, ಜಂಬಿಟ್ಟಿಗೆ ಕಲ್ಲು ಜೋಡಿಸಿ ನಿಲ್ಲಿಸುವುದು ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ. ಕೆಲವು ಗಾಡಿಗಳಲ್ಲಿ ಬಲಗಡೆಯ ಮುಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ಅಡಿಗೆ ಹೋಗದೆಯೇ ಕೈ ಸಿಗುತ್ತದೆ. ನಿಮ್ಮದರಲ್ಲೂ ಹಾಗಿದೆಯಾ ನೋಡಿ.

ಹಿಂದಿನ ರಾತ್ರಿಯೇ ಬೋಲ್ಟಿನ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ಬೆಳಿಗ್ಗೆ ಎದ್ದು ಇನ್ನೊಮ್ಮೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸಾಮಾನ್ಯವಾಗಿ ಅದು 10ರ ಸ್ಪ್ಯಾನರ್ ಬೋಲ್ಟ್. ಡಿ ಸ್ಪ್ಯಾನರ್ (ಬಾಯಿ ತೆರೆದ ಸ್ಪ್ಯಾನರ್) ಹಾಕಿದರೆ ಜಾರಿ ಅಂಚು ಉರುಟಾಗುತ್ತದೆ, ರಿಂಗ್ ಅಥವಾ ಆರು ಮೂಲೆಯ ಸಾಕೆಟ್ ಹಾಕಿ. ಮೊದಲು ತುಸು ಬಿಗಿ ಮಾಡುವ ಕಡೆಗೆ ತಿರುಗಿಸಿ, ಟಕ್ ಅಂತ ತುಕ್ಕು ಒಡೆದ ಸದ್ದು ಬಂದ ಮೇಲೆ ಸಡಿಲಿಸಿ. ಸ್ವಲ್ಪ ಬಂದು ಮತ್ತೆ ಬಿಗಿಯಾದರೆ ಎಳೆಯಬೇಡಿ. ಹಿಂದಕ್ಕೆ ತಿರುಗಿಸಿ, ಸ್ಪ್ರೇ ಹೊಡೆದು, ಮತ್ತೆ ಮುಂದಕ್ಕೆ. ಅವಸರ ಮಾಡಿದವರ ಬೋಲ್ಟೇ ಮುರಿಯುವುದು.

ಬೋಲ್ಟ್ ಬಂದ ಮೇಲೂ ಸೆನ್ಸರ್ ಬರುವುದಿಲ್ಲ. ಅಲ್ಯೂಮಿನಿಯಂ ತೂತಿನಲ್ಲಿ ಬಿಳಿ ಪುಡಿ ಕಟ್ಟಿಕೊಂಡು ಹಿಡಿದಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತಲೆ ಕೈಗೆ ಬಂದು ತುದಿ ಒಳಗೇ ಉಳಿಯುತ್ತದೆ. ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಸಣ್ಣದಾಗಿ ತಿರುಗಿಸುತ್ತಾ ಇರಿ, ಮಧ್ಯೆ ಮಧ್ಯೆ ಸ್ಪ್ರೇ. ತಿರುಗಲು ಶುರುವಾದ ಮೇಲೆ ತಿರುಗಿಸುತ್ತಲೇ ಹೊರಗೆ ಎಳೆಯಿರಿ. ತೂತನ್ನು ಬಟ್ಟೆಯಿಂದ ಒರೆಸಿ, ಕಸ ಒಳಗೆ ಬೀಳದ ಹಾಗೆ. ಹಳೇ ಓರಿಂಗ್ (ಸೀಲ್ ಮಾಡುವ ರಬ್ಬರ್ ಬಳೆ) ತೂತಿನಲ್ಲೇ ಅಂಟಿಕೊಂಡಿದೆಯಾ ನೋಡಿ, ಅದರ ಮೇಲೆ ಹೊಸದು ಕೂರಿಸಿದರೆ ಆಯಿಲ್ ಸೋರುತ್ತದೆ, ಗ್ಯಾಪ್ ಕೂಡ ಕೆಡುತ್ತದೆ.

ಈ ಜಾಗದಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬಾ ಜನ ಎರಡು ಸೆನ್ಸರನ್ನು ಕಲೆಸಿಕೊಳ್ಳುತ್ತಾರೆ. ಡಿಸೆಂಬರ್ ಚಳಿಗೆ ಬೆಳಿಗ್ಗೆ ಸ್ಟಾರ್ಟ್ ಆಗಲು ಹಠ, ಬಿಸಿಯಾದ ಮೇಲೆ ಸರಿ, ಅಥವಾ ಕಪ್ಪು ಹೊಗೆ, ಮೈಲೇಜ್ ಕಮ್ಮಿ ಅಂದರೆ ಅದು ಕೂಲಂಟ್ ಟೆಂಪರೇಚರ್ ಸೆನ್ಸರ್ ಇರಬಹುದು. ಅದು ಕ್ರ್ಯಾಂಕ್ ಸೆನ್ಸರಿನ ಉಲ್ಟಾ. ಕಾದಷ್ಟೂ ಅದರ ಓಮ್ ಇಳಿಯುತ್ತದೆ. 20 ಡಿಗ್ರಿಗೆ ಎರಡು ಎರಡೂವರೆ ಸಾವಿರ ಓಮ್ ಆಸುಪಾಸು ಇದ್ದದ್ದು 80 ಡಿಗ್ರಿಗೆ ಮುನ್ನೂರರ ಹತ್ತಿರ ಬರುತ್ತದೆ. ಅದನ್ನು ಬಿಚ್ಚುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ ಕೈ ಸುಟ್ಟುಕೊಳ್ಳುತ್ತೀರಿ.

ಸಾಗರದ ಸ್ಪ್ಯಾನರ್:

ಕೊಪ್ಪದ ಅಕ್ಕ ಬಿಚ್ಚುವುದನ್ನು ಪೂರ್ತಿ ಹೇಳಿದ್ದಾರೆ. ಗುಜರಿ ಸೆನ್ಸರ್ ಮಾತ್ರ ಬೇಡ. ಬಾಗಿಲು, ಲೈಟು, ಕನ್ನಡಿ ಗುಜರಿಯಿಂದ ತನ್ನಿ, ಏನೂ ತೊಂದರೆ ಇಲ್ಲ. ಇದು ಶಾಖಕ್ಕೆ ಹಳತಾಗುವ ಸಾಮಾನು. ಗುಜರಿಯದೂ ನಿಮ್ಮದರಷ್ಟೇ ವರ್ಷ ಕಾಯ್ದದ್ದು, ಅಂಗಡಿಯಲ್ಲಿ ತಣ್ಣಗಿದ್ದಾಗ ಚೆನ್ನಾಗೇ ತೋರಿಸುತ್ತದೆ. ನಿಮ್ಮದೂ ತಣ್ಣಗಿದ್ದಾಗ 870 ತೋರಿಸಿತು ಅಲ್ವಾ?

ಹೊಸದನ್ನೇ ತೆಗೆದುಕೊಳ್ಳಿ. ಹಳೆಯದರ ಮೈಮೇಲೆ ಪಾರ್ಟ್ ನಂಬರ್ ಅಚ್ಚಾಗಿರುತ್ತದೆ, ಗಾಡಿಯ ಹೆಸರು ಹೇಳುವುದಕ್ಕಿಂತ ಆ ನಂಬರ್ ತೋರಿಸಿ ಕೇಳಿ. ಒಂದೇ ಮಾಡೆಲ್‌ನಲ್ಲಿ ಮಧ್ಯದ ವರ್ಷಗಳಲ್ಲಿ ಸೆನ್ಸರ್ ಬದಲಾಗಿರುವುದು ಉಂಟು. ಶಿವಮೊಗ್ಗದಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆಸಿ ರಸ್ತೆಯಿಂದ ತರಿಸಿಕೊಳ್ಳಬಹುದು. ಡೂಪ್ಲಿಕೇಟ್ ಜಾಸ್ತಿ ಇದೆ, ಡಬ್ಬ ನೋಡಿ ನಂಬಬೇಡಿ. ಮೀಟರ್ ಜೇಬಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಓಮ್ ನೋಡಿ. ಹಳೆಯದರ ತಣ್ಣಗಿನ ಅಂಕಿಯ ಹತ್ತಿರ ಇರಬೇಕು. ಉದ್ದ, ತುದಿಯ ದಪ್ಪ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಮಿಲಿಮೀಟರ್ ಜಾಸ್ತಿ ಉದ್ದ ಇದ್ದರೂ ಚಕ್ರದ ಹಲ್ಲಿಗೆ ತಾಗುತ್ತದೆ.

ಮನೆಗೆ ತಂದ ಮೇಲೆ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ನಮ್ಮ ಮನೆಗಳಲ್ಲಿ ಬಚ್ಚಲ ಹಂಡೆ ಹೇಗೂ ಕಾಯ್ದಿರುತ್ತದೆ. ಹೊಸ ಸೆನ್ಸರನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಪಿನ್ನಿಗೆ ನೀರು ತಾಗದ ಹಾಗೆ ಬಿಸಿ ನೀರಲ್ಲಿ ಇಳಿಬಿಟ್ಟು ಮೀಟರ್ ಹಿಡಿಯಿರಿ. ತಾಮ್ರದ ಓಮ್ ಒಂದು ಡಿಗ್ರಿಗೆ ಸುಮಾರು ನೂರಕ್ಕೆ 0.4ರಷ್ಟು ಏರುತ್ತದೆ. 25 ಡಿಗ್ರಿಯಲ್ಲಿ 870 ಇರುವ ಸುರುಳಿ 75 ಡಿಗ್ರಿಗೆ ಸಾವಿರದ ನಲವತ್ತರ ಆಸುಪಾಸು ಬರಬೇಕು. ನಿಧಾನವಾಗಿ, ಎಲ್ಲೂ ಜಿಗಿಯದೆ ಏರಿದರೆ ಒಳ್ಳೆಯ ಸೆನ್ಸರ್. ಮಧ್ಯದಲ್ಲಿ ಅಂಕಿ ಮಾಯವಾದರೆ ಅಂಗಡಿಗೆ ವಾಪಸ್.

ಕೂರಿಸುವಾಗ ಓರಿಂಗ್‌ಗೆ ಎರಡು ಹನಿ ಎಂಜಿನ್ ಆಯಿಲ್ ಸವರಿ, ಕೈಯಲ್ಲೇ ಒತ್ತಿ ಕೂರಿಸಿ. ಬೋಲ್ಟ್ ಹಾಕಿ ಎಳೆದು ಕೂರಿಸಲು ಹೋದರೆ ಸೆನ್ಸರಿನ ಕಿವಿ (ಬೋಲ್ಟ್ ಹೋಗುವ ಭಾಗ) ಒಡೆಯುತ್ತದೆ. ಬೋಲ್ಟ್ ಸಣ್ಣದು, ಗಿಡ್ಡ ಹಿಡಿಯಲ್ಲಿ ಮಣಿಕಟ್ಟಿನ ಬಲ ಸಾಕು. ವೈರ್ ಮೊದಲು ಹೇಗೆ ಹೋಗಿತ್ತೋ ಹಾಗೇ ಹೋಗಲಿ, ಎಲ್ಲ ಕ್ಲಿಪ್ ಹಾಕಿ. ಸೈಲೆನ್ಸರ್ ಪೈಪಿಗೆ, ಬೆಲ್ಟಿಗೆ, ಪ್ಲಗ್ ವೈರಿಗೆ ಹತ್ತಿರ ಬರಬಾರದು. ಪ್ಲಗ್ ವೈರಿನ ಪಕ್ಕದಲ್ಲಿ ಹೋದರೆ ಅದರ ಗದ್ದಲ ಈ ಸಿಗ್ನಲ್ಲಿಗೆ ಸೇರಿ ಗಾಡಿ ಮುಗ್ಗರಿಸುತ್ತದೆ.

ತುಂಗಾತೀರ (ತೀರ್ಥಹಳ್ಳಿ):

ಹಾಕಿ ಆಯಿತು! ಅಕ್ಕ ಹೇಳಿದ ಹಾಗೆ ರಾತ್ರಿಯೇ ಸ್ಪ್ರೇ ಹೊಡೆದಿಟ್ಟೆ, ಬೋಲ್ಟ್ ಮುರಿಯದೆ ಬಂತು. ಚಕ್ರ ಬಿಚ್ಚಿದ ಮೇಲೆ ಕೈ ಆರಾಮಾಗಿ ಸಿಕ್ಕಿತು. ಸೆನ್ಸರ್ ಬಿಡಿಸುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ತುದಿಗೆ ನುಣ್ಣಗಿನ ಕಬ್ಬಿಣದ ಪುಡಿ ಮೆತ್ತಿಕೊಂಡಿತ್ತು, ಚಕ್ರದ ಹಲ್ಲುಗಳನ್ನು ಟಾರ್ಚ್ ಹಾಕಿ ನೋಡಿದೆ, ಎಲ್ಲ ಸರಿಯಾಗಿವೆ. ಹೊಸದು ತಣ್ಣಗೆ 890, ಹಂಡೆ ನೀರಲ್ಲಿ ಒಂದೇ ಸಮ ಏರುತ್ತಾ ಸಾವಿರ ದಾಟಿತು. ಮಂಡಗದ್ದೆ ತನಕ ಹೋಗಿ, ಬಿಸಿ ಇರುವಾಗಲೇ ಆಫ್ ಮಾಡಿ, ಕಾದು, ಮತ್ತೆ ಸ್ಟಾರ್ಟ್ ಮಾಡಿ ನೋಡಿದೆ. ಒಮ್ಮೆಯೂ ಕೈಕೊಡಲಿಲ್ಲ. ಚೆಕ್ ಎಂಜಿನ್ ಲೈಟೂ ಬರುತ್ತಿಲ್ಲ. ಘಾಟಿಗೆ ಮಾತ್ರ ಇನ್ನೂ ಒಯ್ದಿಲ್ಲ, ಇನ್ನಷ್ಟು ದಿನ ಇಲ್ಲೇ ಓಡಿಸಿ ನೋಡುತ್ತೇನೆ.

ಒಂದೇ ಬೇಸರ. ಗಾಡಿ ಕಡೆಯ ಕಪ್ಲರಿನ ಲಾಕ್ ಗರಿಗರಿಯಾಗಿತ್ತು, ಒತ್ತಿದಾಗ ಪುಡಿಯಾಯಿತು. ಈಗ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಬಿಗಿದಿದ್ದೇನೆ. ಹಾಗೇ ಬಿಡಬಹುದಾ?

ಹಸಿರು ವೈರ್ (ಶಿವಮೊಗ್ಗ):

ಬಹಳ ಖುಷಿ ಆಯಿತು. ಟೈ ಈಗ ಸಾಕು, ಆದರೆ ಘಾಟಿಗೆ ಹೋಗುವ ಮೊದಲು ಕಪ್ಲರ್ ಬದಲಿಸಿ. ಅದು ಎಂಜಿನ್ ಜೊತೆ ನಡುಗುವ ಜಾಗ. ಲಾಕ್ ಇಲ್ಲದಿದ್ದರೆ ಪಿನ್ನು ಸೂಕ್ಷ್ಮವಾಗಿ ಅಲುಗಾಡಿ ಅಲುಗಾಡಿ ಸವೆಯುತ್ತದೆ, ಆಗ ಹೊಸ ಸೆನ್ಸರ್ ಇದ್ದೂ ಹಳೇ ತೊಂದರೆಯೇ ಬರುತ್ತದೆ.

ವೈರ್ ಸಮೇತ ಕಪ್ಲರ್ ಬಿಡಿಯಾಗಿ ಸಿಗುತ್ತದೆ. ಜೋಡಿಸುವಾಗ ಎರಡು ಜಾಯಿಂಟನ್ನು ಒಂದೇ ಜಾಗದಲ್ಲಿ ಹಾಕದೆ ಹಿಂದೆ ಮುಂದೆ ಮಾಡಿ, ಸೋಲ್ಡರ್ ಹಾಕಿ, ಮೇಲೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬರೀ ಕಪ್ಪು ಟೇಪ್ ಸುತ್ತಿದರೆ ಎಂಜಿನ್ ಶಾಖಕ್ಕೆ ಅದರ ಗೋಂದು ಕರಗಿ ಬಿಚ್ಚಿಕೊಳ್ಳುತ್ತದೆ, ನಿಮ್ಮ ಮಳೆಗೆ ಒಳಗೆ ನೀರು. ಎರಡು ವೈರ್ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಜೋಡಿಸಿದ ಮೇಲೂ ಹಾಗೇ ಹೆಣೆಯಿರಿ, ಅದು ಹೊರಗಿನ ಗದ್ದಲ ತಡೆಯಲಿಕ್ಕೆ ಇರುವುದು. ವೈರ್ ಅದಲು ಬದಲು ಆಗಬಾರದು. ಈ ಜಾತಿಯ ಸೆನ್ಸರಿನಲ್ಲಿ ಉಲ್ಟಾ ಹಾಕಿದರೆ ಸುಟ್ಟುಹೋಗುವುದಿಲ್ಲ, ಆದರೆ ಟೈಮಿಂಗ್ ತಪ್ಪಿ ಗಾಡಿ ಸರಿಯಾಗಿ ಓಡುವುದಿಲ್ಲ. ಕಪ್ಲರಿನ ರಬ್ಬರ್ ಸೀಲಿಗೆ ಒಂದಿಷ್ಟು ಸಿಲಿಕಾನ್ ಗ್ರೀಸ್ ಸವರಿ, ಸಾಧಾರಣ ಚಕ್ರದ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಬಂದಾಗ ಎರಡು ಮೂರು ಅಂಗಡಿ ವಿಚಾರಿಸಿ. ಹಳೇ ಸೆನ್ಸರ್ ಎಸೆಯಬೇಡಿ, ಜೊತೆಗೆ ತನ್ನಿ. ಎರಡು ಪಿನ್ನಿನ ಕಪ್ಲರ್‌ನಲ್ಲಿ ಹಲವು ಬಗೆ ಇವೆ, ಫೋಟೋದಲ್ಲಿ ಎಲ್ಲ ಒಂದೇ ಥರ ಕಾಣುತ್ತವೆ. ಸೆನ್ಸರಿನ ಮೂತಿಗೆ ಅಲ್ಲೇ ಹಾಕಿ, ಲಾಕ್ ಬಿದ್ದ ಸದ್ದು ಕೇಳಿದ ಮೇಲೆ ದುಡ್ಡು ಕೊಡಿ.